ಬಚ್ಚಲಲ್ಲಿ ಮಣೆ ಇತ್ತು, ನೀರು ಹುಯ್ಯೋ ಕೈ ಇತ್ತು

ನಮ್ಮ ಬಳಗದ ಒಬ್ಬರ ಅಜ್ಜಿ ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಹಳೇ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿದಾಗ ಅವರಿಗೂ ಹೊಸ ಬಚ್ಚಲುಮನೆ ಸಿಕ್ಕಿತು. ಹೊಳೆಯುವ ಟೈಲ್ಸು, ಎರಡು ನಲ್ಲಿ, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಗೃಹಪ್ರವೇಶ ಆಗಿ ಮೂರನೇ ತಿಂಗಳಿಗೆ ಅಜ್ಜಿ ಅದರೊಳಗೆ ಜಾರಿದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. 'ಏನೂ ಆಗಿಲ್ಲ ಬುಡು ಮಗ, ಒಸಿ ಕಾಲು ಜಾರ್ತು ಅಷ್ಟೆಯ' ಅಂದರು. ಎಲ್ಲರೂ ಅಲ್ಲಿಗೇ ಮರೆತರು.

ಅಜ್ಜಿ ಮರೆಯಲಿಲ್ಲ. ದಿನಾ ಬಚ್ಚಲಿಗೆ ಹೋಗುವುದು, ನೀರಿನ ಸದ್ದು ಕೇಳಿಸುವುದು, ಸೀರೆ ಬದಲಿಸಿಕೊಂಡು ಬರುವುದು ನಡೆದೇ ಇತ್ತು. ತಿಂಗಳಾದ ಮೇಲೆ ಸೊಸೆಗೆ ಅನುಮಾನ ಬಂತು. ವಿಷಯ ಏನೆಂದರೆ, ಅಜ್ಜಿ ಬಕೆಟ್ಟಿನ ನೀರನ್ನು ನೆಲಕ್ಕೆ ಚೆಲ್ಲಿ, ಒದ್ದೆ ಬಟ್ಟೆಯಲ್ಲಿ ಮುಖ ಕೈಕಾಲು ಒರೆಸಿಕೊಂಡು ಬರುತ್ತಿದ್ದರು. ಮೈಗೆ ನೀರೇ ಬಿದ್ದಿರಲಿಲ್ಲ. ಯಾಕಜ್ಜಿ ಅಂದರೆ, 'ಜಾರ್ಬುಟ್ರೆ ಎತ್ತೋರ್ ಯಾರ್ ಮಗ? ಅಗುಳಿ ಬೇರೆ ಹಾಕಿರ್ತೀನಿ' ಅಂದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು: 'ಹಳೇ ಬಚ್ಚಲಲ್ಲಿ ಅರವತ್ ವರ್ಸ ನೀರ್ ಹುಯ್ಕೊಂಡಿವ್ನಿ. ಒಂದ್ ದಿನಾನೂ ಬಿದ್ದಿರ್ನಿಲ್ಲ.'

ಆ ಮಾತು ನಮ್ಮನ್ನು ಬಿಡಲಿಲ್ಲ. ಹಳೇ ಬಚ್ಚಲಲ್ಲಿ ಇದ್ದದ್ದೇನು, ಹೊಸದರಲ್ಲಿ ಇಲ್ಲದ್ದೇನು? ನಮ್ಮ ನಮ್ಮ ಮನೆಯ ಹಿರಿಯರನ್ನು ಕೇಳುತ್ತಾ ಹೋದೆವು. ಊರು, ಕೆರೆ, ದೇವಸ್ಥಾನಕ್ಕೆಲ್ಲ ಚರಿತ್ರೆ ಇರುವ ಹಾಗೆ ಬಚ್ಚಲಿಗೂ ಒಂದು ಚರಿತ್ರೆ ಇದೆ ಅಂತ ಆಗ ಗೊತ್ತಾಯಿತು.

ಮಾತಿನಲ್ಲೇ ಉಳಿದಿರುವ ಚರಿತ್ರೆ

ಮಂಡ್ಯದ ಕಡೆ ಹಳಬರು 'ಸ್ನಾನ ಮಾಡಿದೆ' ಅನ್ನುವುದು ಕಡಿಮೆ. 'ನೀರು ಹುಯ್ಕೊಂಡೆ' ಅನ್ನುತ್ತಾರೆ. ಅದರ ಜೊತೆಗೇ ಇನ್ನೊಂದು ಮಾತು: 'ನಿಮ್ಮ ತಾತಂಗೆ ನೀರು ಹುಯ್ಯವ್ವ', 'ಮಗೀಗೆ ನೀರು ಹುಯ್ದಾಯ್ತಾ?' ಅಂದರೆ ನೀರು ಹುಯ್ಯುವವರು ಒಬ್ಬರು, ಹುಯ್ಯಿಸಿಕೊಳ್ಳುವವರು ಇನ್ನೊಬ್ಬರು. ಮಕ್ಕಳಿಗೆ, ಬಾಣಂತಿಯರಿಗೆ, ಜ್ವರ ಬಿಟ್ಟವರಿಗೆ, ವಯಸ್ಸಾದವರಿಗೆ ಸ್ನಾನ ಅನ್ನುವುದು ಇಬ್ಬರ ಕೆಲಸವಾಗಿತ್ತು.

ಸೂಲಗಿತ್ತಿಯರನ್ನು ನೆನಪು ಮಾಡಿಕೊಳ್ಳಿ. ಕಾಲು ನೀಡಿ ಕುಳಿತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಒಂದು ಕೈಯಲ್ಲಿ ತಲೆ ಹಿಡಿದು ಇನ್ನೊಂದು ಕೈಯಲ್ಲಿ ನೀರು ಹುಯ್ಯುತ್ತಿದ್ದರು. ಜಾರುವ ಮೈಯನ್ನು ಜಾರದಂತೆ ಹಿಡಿಯುವ ವಿದ್ಯೆ ಅದು. ಅದಕ್ಕೆ ಶಾಲೆ ಇರಲಿಲ್ಲ, ಸರ್ಟಿಫಿಕೇಟೂ ಇರಲಿಲ್ಲ. ಅದೇ ವಿದ್ಯೆ ಸೊಸೆಯಂದಿರ, ಹೆಣ್ಣುಮಕ್ಕಳ ಕೈಗೆ ಬಂದು ಅತ್ತೆಮಾವಂದಿರ ಸ್ನಾನಕ್ಕೆ ಒದಗುತ್ತಿತ್ತು.

ಹಳೇ ಬಚ್ಚಲು ಹೇಗಿತ್ತು

ತೊಟ್ಟಿಮನೆ, ಹೆಂಚಿನ ಮನೆಗಳಲ್ಲಿ ಬಚ್ಚಲು ಅಡುಗೆಮನೆಯ ಪಕ್ಕದಲ್ಲೋ ಹಿತ್ತಿಲ ಬಾಗಿಲ ಹತ್ತಿರವೋ ಇರುತ್ತಿತ್ತು. ಒಂದು ಮೂಲೆಯಲ್ಲಿ ಮಣ್ಣಿನ ಒಲೆ, ಅದರ ಮೇಲೆ ಕದಲದ ಹಾಗೆ ಕೂರಿಸಿದ ಹಂಡೆ. ತಾಮ್ರದ್ದು ಅನುಕೂಲಸ್ಥರ ಮನೆಯಲ್ಲಿ, ಮಿಕ್ಕವರ ಮನೆಯಲ್ಲಿ ಮಣ್ಣಿನ ಗುಡಾಣ. ನಮ್ಮ ಪಕ್ಕದ ನಾಗಮಂಗಲ ಲೋಹದ ಕೆಲಸಕ್ಕೆ, ಹಿತ್ತಾಳೆ ಕಂಚಿನ ಎರಕಕ್ಕೆ ಹೆಸರಾದ ಊರು. ಲೋಹದ ಪಾತ್ರೆ ಅಂದರೆ ಆಗ ಮನೆಯ ಆಸ್ತಿ. ಒಲೆಗೆ ತೆಂಗಿನ ಗರಿ, ಮಟ್ಟೆ, ಕಬ್ಬಿನ ತರಗು.

ಹಂಡೆಯ ಮುಂದೆ ನೆಲಕ್ಕೆ ಕಲ್ಲಿನ ಚಪ್ಪಡಿ. ಉಳಿಯಲ್ಲಿ ಕೆತ್ತಿದ ಗುರುತು ಹಾಗೇ ಇರುವ ಒರಟು ಚಪ್ಪಡಿ. ಅದರ ಮೇಲೆ ಮರದ ಮಣೆ, ಇಲ್ಲವೇ ಕೂರುವುದಕ್ಕೆಂದೇ ಹಾಕಿದ ಒಂದು ಕಲ್ಲು. ಕೈಗೆಟುಕುವಂತೆ ಚೊಂಬು. ಬಳಸಿದ ನೀರು ಮೋರಿಯಲ್ಲಿ ಹರಿದು ಹಿತ್ತಿಲ ಬಾಳೆಗಿಡಕ್ಕೆ ಹೋಗುತ್ತಿತ್ತು. ಬಾಗಿಲು ಅಂದರೆ ಬಹಳ ಮನೆಗಳಲ್ಲಿ ಒಂದು ಹಳೇ ಸೀರೆಯ ಪರದೆ, ಇಲ್ಲವೇ ಅರ್ಧ ಗೋಡೆ.

ಈ ಬಚ್ಚಲಲ್ಲಿ ನಿಂತು ನೀರು ಹುಯ್ದುಕೊಳ್ಳುವ ಮಾತೇ ಇರಲಿಲ್ಲ. ಹಂಡೆ ಇರುವುದು ಕೂತವರ ಕೈಯಳತೆಗೆ. ಹಾಗಾಗಿ ಎಲ್ಲರೂ ಕೂತೇ ಮೀಯುತ್ತಿದ್ದರು. ಕೂತವರು ಜಾರಿದರೂ ಬೀಳುವುದು ಗೇಣುದ್ದ. ನಿಂತವರು ಜಾರಿದರೆ ಬೀಳುವುದು ಆಳುದ್ದ. ಅಜ್ಜಿ ಅರವತ್ತು ವರ್ಷ ಬೀಳದೆ ಇದ್ದದ್ದಕ್ಕೆ ಅರ್ಧ ಕಾರಣ ಇದೇ.

ದೀಪಾವಳಿಯ ಹಿಂದಿನ ಸಂಜೆಯ 'ನೀರು ತುಂಬುವ ಹಬ್ಬ' ಈ ಬಚ್ಚಲಿನ ಹಬ್ಬವೇ ಹೌದು. ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡುವುದು. ಮಾರನೇ ದಿನ ನರಕ ಚತುರ್ದಶಿ. ನಸುಕಿನಲ್ಲೇ ಎಲ್ಲರಿಗೂ ಎಣ್ಣೆ ಹಚ್ಚಿ ನೀರು ಹುಯ್ಯಬೇಕು. ನೆತ್ತಿಗೆ ಎಣ್ಣೆ ಇಡುವುದು ಹಿರಿಯರು, ಅವರ ಬೆನ್ನು ಉಜ್ಜುವುದು ಕಿರಿಯರು. ಎಣ್ಣೆಸ್ನಾನದ ದಿನ ಬಚ್ಚಲ ನೆಲ ಎಷ್ಟು ಜಾರುತ್ತದೆ ಅಂತ ಎಲ್ಲರಿಗೂ ಗೊತ್ತು. ಅಂಥ ದಿನ ವಯಸ್ಸಾದವರನ್ನು ಒಬ್ಬರನ್ನೇ ಬಿಡುತ್ತಿರಲಿಲ್ಲ.

ರಾಜರೂ ಕೂತರು, ದೇವರೂ ಕೂತರು

ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಬರೆಸಿದ. ಅದರಲ್ಲಿ ರಾಜಭೋಗಗಳ ಪಟ್ಟಿ ಇದೆ. ಊಟ, ತಾಂಬೂಲ, ಬಟ್ಟೆಯ ಜೊತೆಗೆ ಸ್ನಾನವೂ ಒಂದು ಭೋಗ. ಎಣ್ಣೆ ತಿಕ್ಕುವವರು, ಮೀಯಿಸುವವರು ಇದ್ದು ನಡೆಯುವ ಸ್ನಾನ ಅದು. ರಾಜನಿಗೂ ಸ್ನಾನ ಒಬ್ಬಂಟಿ ಕೆಲಸವಾಗಿರಲಿಲ್ಲ.

ದೇವಸ್ಥಾನಗಳಲ್ಲೂ ಅಷ್ಟೆ. ಉತ್ಸವಮೂರ್ತಿಗೆ ಅಭಿಷೇಕ ಮಾಡುವಾಗ ಪೀಠದ ಮೇಲೆ ಬಿಜಯಮಾಡಿಸುತ್ತಾರೆ. ಕೆಳಗೆ ಮಣೆ, ಪಕ್ಕದಲ್ಲಿ ನೀರು ಹುಯ್ಯುವವರು. ನಮ್ಮ ತಾಲ್ಲೂಕಿನ ಗಡಿಯಾಚೆ ಶ್ರವಣಬೆಳಗೊಳದ ಗೊಮ್ಮಟನೊಬ್ಬ ನಿಂತೇ ಮೀಯುತ್ತಾನೆ. ಆದರೆ ಅವನಿಗೆ ನೀರು ಹುಯ್ಯುವವರಿಗೋಸ್ಕರ ಪ್ರತಿ ಮಹಾಮಸ್ತಕಾಭಿಷೇಕಕ್ಕೂ ಅಟ್ಟಣಿಗೆ ಕಟ್ಟುತ್ತಾರೆ. ಕೊನೆಯದಾಗಿ 2018ರಲ್ಲಿ ಕಟ್ಟಿದ್ದರು. ದೇವರ ಸ್ನಾನಕ್ಕೂ ಕಂಬ, ಕಟಾಂಜನ, ಮೆಟ್ಟಿಲು ಬೇಕು ಅಂದಮೇಲೆ ನಮ್ಮ ಅಜ್ಜಿಗೆ ಬೇಡವೇ?

ಹೊಳೆಯ ಸ್ನಾನವೂ ಹಾಗೇ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಸೇರುವ ತ್ರಿವೇಣಿ ಸಂಗಮ ನಮ್ಮ ತಾಲ್ಲೂಕಿನ ಅಂಬಿಗರಹಳ್ಳಿ, ಸಂಗಾಪುರದ ಹತ್ತಿರ ಇದೆ. 2013ರಲ್ಲೂ 2022ರಲ್ಲೂ ಅಲ್ಲಿ ಕುಂಭಮೇಳ ನಡೆಯಿತು. ಮೇಲುಕೋಟೆಯ ಕಲ್ಯಾಣಿ ಆಗಲಿ, ಶ್ರೀರಂಗಪಟ್ಟಣದ ಸ್ನಾನಘಟ್ಟ ಆಗಲಿ, ಮೆಟ್ಟಿಲ ಮೇಲೆ ವಯಸ್ಸಾದವರು ಮಗನ ತೋಳನ್ನೋ ಮೊಮ್ಮಗಳ ಹೆಗಲನ್ನೋ ಹಿಡಿದು ಇಳಿಯುತ್ತಾರೆ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಯಾರೂ ಅಭಿಮಾನ ತೋರಿಸುವುದಿಲ್ಲ.

ಹಳೆಯದೆಲ್ಲ ಚಿನ್ನ ಅಲ್ಲ

ಇಷ್ಟು ಬರೆದು ನಿಲ್ಲಿಸಿದರೆ ಸುಳ್ಳು ಹೇಳಿದಂತೆ ಆಗುತ್ತದೆ. ಚಪ್ಪಡಿ, ಹಂಡೆ, ಮಣೆ ಎಲ್ಲರ ಮನೆಯಲ್ಲೂ ಇರಲಿಲ್ಲ. ಊರಾಚೆಯ ಕೇರಿಗಳಲ್ಲಿ ಬಾವಿಗೇ ಪ್ರವೇಶ ಇಲ್ಲದ ಕಾಲದಲ್ಲಿ ಬಚ್ಚಲು ಎಲ್ಲಿಂದ ಬರಬೇಕು? ಗುಡಿಸಲ ಹಿಂದೆ ತೆಂಗಿನ ಗರಿ ಮರೆ ಕಟ್ಟಿ, ಹೆಂಗಸರು ಕತ್ತಲಿರುವಾಗಲೇ ಎದ್ದು ಮೈಗೆ ನೀರು ಹಾಕಿಕೊಳ್ಳಬೇಕಿತ್ತು. ವಯಸ್ಸಾದ ಹೆಂಗಸರಿಗೆ ಆ ಕತ್ತಲೇ ದೊಡ್ಡ ಅಪಾಯ.

ಇದ್ದ ಬಚ್ಚಲುಗಳೂ ಕತ್ತಲೆ. ಹೊಗೆ ತುಂಬಿ ಕಣ್ಣು ಉರಿಯುತ್ತಿತ್ತು. ಕುದಿಯುವ ಹಂಡೆ ಮೊಣಕೈ ದೂರದಲ್ಲಿ. ನೆಲಕ್ಕಿಂತ ನಾಲ್ಕು ಬೆರಳು ಎತ್ತರದ ಮಣೆಯಿಂದ ಮಂಡಿನೋವಿನವರು ಏಳಬೇಕಾದರೆ ಒಬ್ಬರು ಕೈ ಕೊಡಲೇಬೇಕು.

ಆ ಕೈ ಯಾರದ್ದು? ಸಾಮಾನ್ಯವಾಗಿ ಸೊಸೆಯದ್ದು. ಹೊಲದ ಕೆಲಸ, ಕೊಟ್ಟಿಗೆ ಕೆಲಸ, ಅಡುಗೆ ಎಲ್ಲ ಮುಗಿಸಿ ಅತ್ತೆಗೆ ನೀರು ಹುಯ್ಯಬೇಕು. ಅವಳಿಗೆ ಸೊಂಟ ನೋಯುತ್ತದೆಯೇ ಅಂತ ಕೇಳಿದವರಿಲ್ಲ. ಮುದುಕರ ಪಾಡು ಇನ್ನೊಂದು ರೀತಿ. ಹೆಂಡತಿ ತೀರಿಕೊಂಡ ತಾತನಿಗೆ ಸೊಸೆ ಮುಂದೆ ಮೈ ತೋರಿಸಲು ನಾಚಿಕೆ. ಬಾಯಿಬಿಟ್ಟು ಹೇಳದೆ ವಾರಕ್ಕೊಮ್ಮೆ ಮೀಯುವುದು, ಅದನ್ನೂ ಬಿಡುವುದು ಆಗಲೂ ಇತ್ತು.

ಇನ್ನೊಂದು ಸತ್ಯ. ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತದಲ್ಲಿ ಸರಾಸರಿ ಆಯಸ್ಸು 32 ವರ್ಷದ ಆಸುಪಾಸು. ಈಗ ಅದು 70ರ ಆಸುಪಾಸು. ಎಳೆಯ ಮಕ್ಕಳ ಸಾವು ಕಡಿಮೆಯಾದದ್ದು ಇದಕ್ಕೆ ದೊಡ್ಡ ಕಾರಣ, ನಿಜ. ಆದರೆ ಎಂಬತ್ತು ದಾಟಿದವರೂ ಈಗ ಜಾಸ್ತಿ. ನಮ್ಮ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಸಾಹಿತಿ ಎ.ಎನ್. ಮೂರ್ತಿರಾಯರು 2003ರವರೆಗೆ ಬಾಳಿದರು. ಆಗ ಅದು ಅಪರೂಪದ ಸುದ್ದಿ. ಇವತ್ತು ತೊಂಬತ್ತು ದಾಟಿದವರು ಒಬ್ಬಿಬ್ಬರಾದರೂ ಇಲ್ಲದ ಊರು ಹುಡುಕಬೇಕು. ಹಳೇ ಬಚ್ಚಲು ಇಷ್ಟೊಂದು ಮುಪ್ಪನ್ನು ಕಂಡೇ ಇರಲಿಲ್ಲ.

ಬಚ್ಚಲು ಬದಲಾದ ಬಗೆ

ಬದಲಾವಣೆ ಒಂದೇ ದಿನ ಆದದ್ದಲ್ಲ. ಮೊದಲು ಬಂದದ್ದು ನೀರು. 1983ರಿಂದ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬರು ಹಳ್ಳಿಹಳ್ಳಿಗೂ ಬೋರ್‌ವೆಲ್ ಕೊರೆಸಿದರು. ಜನ ಅವರನ್ನು 'ನೀರ್ ಸಾಬ್' ಅಂತಲೇ ಕರೆದರು. ಕೊಳಗ ಹೊತ್ತು ಕೆರೆಯಿಂದ ತರುವುದು ತಪ್ಪಿತು. ಆಮೇಲೆ ತೊಂಬೆ ನೀರು, ಬೀದಿ ನಲ್ಲಿ ಬಂದವು. 2019ರಲ್ಲಿ ಜಲಜೀವನ್ ಮಿಷನ್ ಶುರುವಾಯಿತು. ನಮ್ಮ ರಾಜ್ಯದಲ್ಲಿ ಅದರ ಹೆಸರು 'ಮನೆ ಮನೆಗೆ ಗಂಗೆ'. ನಲ್ಲಿ ಮನೆಯೊಳಗೆ ಬರುವುದು ಗುರಿಯಾಯಿತು.

ಎರಡನೆಯದು ಕೋಣೆ. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಶುರುವಾಗಿ, ಶೌಚಾಲಯ ಕಟ್ಟಿಸಿಕೊಂಡವರಿಗೆ 12,000 ರೂಪಾಯಿ ಪ್ರೋತ್ಸಾಹಧನ ಸಿಕ್ಕಿತು. ಅನೇಕರು ಅದರ ಜೊತೆಗೇ ಕೈಯಿಂದ ಇನ್ನಷ್ಟು ಹಾಕಿ ಬಚ್ಚಲನ್ನೂ ಸೇರಿಸಿ ಕಟ್ಟಿದರು. ಹೆಣ್ಣುಮಕ್ಕಳಿಗೆ ಬಾಗಿಲು, ಚಿಲಕ ಸಿಕ್ಕಿತು. ಇದು ಸಣ್ಣ ಮಾತಲ್ಲ. ಕತ್ತಲಲ್ಲಿ ಎದ್ದು ಗರಿಮರೆಯಲ್ಲಿ ಮೀಯುತ್ತಿದ್ದವರು ಬೆಳಕಲ್ಲಿ, ಯಾರ ಕಣ್ಣಿಗೂ ಬೀಳದೆ ಮೀಯುವಂತಾಯಿತು.

ಮೂರನೆಯದು ನೆಲ. ಚಪ್ಪಡಿ ಹೋಗಿ ಸಿಮೆಂಟು ಬಂತು. ಸಿಮೆಂಟಿನ ಮೇಲೆ ರೆಡ್ ಆಕ್ಸೈಡ್ ಬಂತು. ಆಮೇಲೆ ಟೈಲ್ಸು. ಅಂಗಡಿಯಲ್ಲಿ ಯಾವುದು ಹೆಚ್ಚು ಹೊಳೆಯುತ್ತದೋ ಅದನ್ನೇ ಆರಿಸಿದೆವು. ಗೋಡೆಗೆ ಹಾಕುವ ನುಣುಪು ಟೈಲ್ಸನ್ನೇ ನೆಲಕ್ಕೂ ಹಾಕಿಸಿದವರು ನಮ್ಮ ಬಳಗದಲ್ಲೇ ಇದ್ದಾರೆ. ಸೋಪು ನೀರು ಬಿದ್ದರೆ ಅದು ಐಸಿನ ಗಡ್ಡೆ ಇದ್ದಂತೆ.

ಇಷ್ಟರಲ್ಲಿ ಹಂಡೆ ಹೋಗಿ ಬಕೆಟ್ ಬಂತು, ಒಲೆ ಹೋಗಿ ಕಾಯಿಲ್, ಗೀಸರ್, ಸೋಲಾರ್ ಬಂದವು. ನಲ್ಲಿಗಳು ನಿಂತವರ ಎತ್ತರಕ್ಕೆ ಬಂದವು. ಮಣೆ ಅಟ್ಟ ಸೇರಿತು. ಯಾರೂ ತೀರ್ಮಾನ ಮಾಡದೆಯೇ ಕೂತು ಮೀಯುತ್ತಿದ್ದವರು ನಿಂತು ಮೀಯತೊಡಗಿದರು. ಬಾಗಿಲು ಮುಚ್ಚಿದ್ದರಿಂದ ಹುಯ್ಯುವ ಕೈ ಹೊರಗೆ ಉಳಿಯಿತು. ಎಷ್ಟೋ ಮನೆಗಳಲ್ಲಿ ಆ ಕೈ ಬೆಂಗಳೂರಿನ ಗಾರ್ಮೆಂಟ್ಸಿಗೋ ಮೈಸೂರಿನ ಕಾರ್ಖಾನೆಗೋ ಹೋಗಿ ಆಗಿತ್ತು. ಮನೆಯಲ್ಲಿ ಉಳಿದವರು ಇಬ್ಬರು ಮುದುಕರು, ಕೆಲವು ಕಡೆ ಒಬ್ಬರೇ.

ಹೀಗೆ ಮೂರು ಒಳ್ಳೇ ಸಂಗತಿಗಳು, ಅಂದರೆ ನೀರು, ಬಾಗಿಲು, ದೀರ್ಘಾಯಸ್ಸು, ಒಂದೇ ಕೋಣೆಯಲ್ಲಿ ಸೇರಿ ಒಂದು ಅಪಾಯ ಆದವು.

ಆ ಅಪಾಯ ಎಷ್ಟು ದೊಡ್ಡದು? ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಪಘಾತದ ಸಾವುಗಳಲ್ಲಿ ರಸ್ತೆ ಬಿಟ್ಟರೆ ಇದೇ ಎರಡನೆಯದು. ಸಾಯುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ವಯಸ್ಸಾದವರ ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿದರೆ ಆಪರೇಷನ್ ಬೇಕಾಗುತ್ತದೆ. ತಿಂಗಳುಗಟ್ಟಲೆ ಮಲಗಿದರೆ ಬೆನ್ನು ಹುಣ್ಣಾಗುವುದು, ಶ್ವಾಸಕೋಶಕ್ಕೆ ಸೋಂಕು ತಗಲುವುದು. 'ಬಚ್ಚಲಲ್ಲಿ ಬಿದ್ದರು, ಆಮೇಲೆ ಏಳಲೇ ಇಲ್ಲ' ಅನ್ನುವ ಮಾತನ್ನು ಎಷ್ಟು ಸಾವಿನ ಮನೆಗಳಲ್ಲಿ ಕೇಳಿಲ್ಲ ನಾವು?

ಕಂಬಿ, ಸ್ಟೂಲು ಎಲ್ಲಿಂದ ಬಂದವು

ಆಸ್ಪತ್ರೆಯ ಶೌಚಾಲಯದಲ್ಲಿ ಗೋಡೆಗೆ ಹೊಡೆದ ಸ್ಟೀಲ್ ಕಂಬಿ ನೋಡಿರುತ್ತೀರಿ. ಅದರ ಹಿಂದೆ ಯುದ್ಧ ಮತ್ತು ಪೋಲಿಯೋದ ಕತೆ ಇದೆ. ಎರಡನೇ ಮಹಾಯುದ್ಧದಲ್ಲಿ ಕಾಲು ಕಳೆದುಕೊಂಡ ಸೈನಿಕರು, ಪೋಲಿಯೋ ಆದವರು ಅಮೆರಿಕದಲ್ಲಿ ಕಾಲೇಜು ಸೇರಲು ಬಂದಾಗ ಕಟ್ಟಡಗಳೇ ಅವರಿಗೆ ಅಡ್ಡಿಯಾದವು. ಇಲಿನಾಯ್ ವಿಶ್ವವಿದ್ಯಾಲಯದ ಟಿಮೊಥಿ ನ್ಯೂಜೆಂಟ್ ಮುಂದಾಳತ್ವದಲ್ಲಿ ಕೆಲಸ ನಡೆದು, 1961ರಲ್ಲಿ ಆ ದೇಶದ ಮೊದಲ ಅಡೆತಡೆರಹಿತ ಕಟ್ಟಡ ಮಾನದಂಡ ಹೊರಬಂತು. ಇಳಿಜಾರು ದಾರಿ, ಅಗಲ ಬಾಗಿಲು, ಶೌಚಾಲಯದಲ್ಲಿ ಹಿಡಿಕಂಬಿ ಎಲ್ಲ ಅದರಲ್ಲಿದ್ದವು.

ನಮ್ಮ ದೇಶದ ಕತೆ ಬೇರೆ. 1968ರಲ್ಲಿ ಜೈಪುರದಲ್ಲಿ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ, ಮೂಳೆ ವೈದ್ಯ ಪಿ.ಕೆ. ಸೇಠಿಯವರ ಜೊತೆ ಸೇರಿ 'ಜೈಪುರ ಕಾಲು' ರೂಪಿಸಿದರು. ವಿದೇಶಿ ಕೃತಕ ಕಾಲು ಹಾಕಿಕೊಂಡರೆ ನಮ್ಮವರು ಕುಕ್ಕುರುಗಾಲಲ್ಲಿ ಕೂರಲಾಗುತ್ತಿರಲಿಲ್ಲ, ಬರಿಗಾಲಲ್ಲಿ ಗದ್ದೆಗೆ ಇಳಿಯಲಾಗುತ್ತಿರಲಿಲ್ಲ. ಇದರಲ್ಲಿ ಆಗುತ್ತಿತ್ತು. ಸಾಧನ ಯಾವುದೇ ಆಗಲಿ, ಅದು ನಮ್ಮ ಮನೆಯ ನೆಲಕ್ಕೆ, ನಮ್ಮ ಅಭ್ಯಾಸಕ್ಕೆ ಹೊಂದಬೇಕು ಅನ್ನುವ ಪಾಠ ಅದು. ಬಚ್ಚಲಿಗೂ ಈ ಪಾಠ ಬೇಕು.

ಕೇಂದ್ರ ಸರ್ಕಾರದ ಕೃತಕ ಅಂಗಾಂಗ ತಯಾರಿಕಾ ನಿಗಮ ಅಲಿಮ್ಕೊ 1972ರಲ್ಲಿ ಕಾನ್ಪುರದಲ್ಲಿ ಹುಟ್ಟಿತು. ಅಂಗವಿಕಲರಿಗೆ ಸಾಧನ ಕೊಡುವ ಯೋಜನೆಗಳು ಬಂದವು. ಅಂಗವೈಕಲ್ಯ ಇಲ್ಲದಿದ್ದರೂ ವಯಸ್ಸಿನಿಂದಲೇ ಕೈಕಾಲು ಸೋತವರಿಗೆ ಅಂತ ಪ್ರತ್ಯೇಕ ಯೋಜನೆ ಬಂದದ್ದು ತೀರಾ ಈಚೆಗೆ. ಅದೇ 2017ರ ಏಪ್ರಿಲ್ 1ರಂದು ಆಂಧ್ರದ ನೆಲ್ಲೂರಿನಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ. ಅರವತ್ತು ದಾಟಿದ ಬಡ ಹಿರಿಯರಿಗೆ ಸಾಧನಗಳನ್ನು ಉಚಿತವಾಗಿ, ಶಿಬಿರ ಮಾಡಿ ಕೊಡುತ್ತಾರೆ. ಬಿಪಿಎಲ್ ಕಾರ್ಡಿನವರಿಗೆ ಅಂತ ಶುರುವಾದದ್ದು, ಆಮೇಲೆ ತಿಂಗಳ ಆದಾಯ 15,000 ರೂಪಾಯಿ ಒಳಗಿರುವವರಿಗೂ ವಿಸ್ತಾರವಾಯಿತು.

ಆದರೆ ಮೊದಲ ಪಟ್ಟಿ ನೋಡಿ: ಊರುಗೋಲು, ಕಂಕುಳ ಕೋಲು, ವಾಕರ್, ಮೂರು ನಾಲ್ಕು ಕಾಲಿನ ಕೋಲು, ಶ್ರವಣಯಂತ್ರ, ಗಾಲಿಕುರ್ಚಿ, ಹಲ್ಲಿನ ಸೆಟ್, ಕನ್ನಡಕ. ನಡೆಯುವುದಕ್ಕೆ ಇದೆ, ಕೇಳುವುದಕ್ಕೆ ಇದೆ, ಅಗಿಯುವುದಕ್ಕೆ, ನೋಡುವುದಕ್ಕೆ ಇದೆ. ಮೀಯುವುದಕ್ಕೆ ಇರಲಿಲ್ಲ. ಆಮೇಲೆ ಪಟ್ಟಿ ಬೆಳೆದಾಗ ಕಮೋಡ್ ಇರುವ ಕುರ್ಚಿ, ಮಂಡಿಪಟ್ಟಿ ಮುಂತಾದವು ಸೇರಿದವು. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯನ್ನೇ ತೆಗೆದುಕೊಂಡರೂ, ಪೋಷಣೆ ಅಂದರೆ ಊಟ, ಬಟ್ಟೆ, ವಸತಿ, ಔಷಧೋಪಚಾರ ಅಂತ ಅದು ಹೇಳುತ್ತದೆ. ಸ್ನಾನ ಯಾರ ಕಣ್ಣಿಗೂ ಬಿದ್ದಿಲ್ಲ. ಬಾಗಿಲ ಹಿಂದೆ ನಡೆಯುವ ಕೆಲಸ ಅಲ್ಲವೇ?

ನಮ್ಮ ಮನೆಗೆ ಏನು ಮಾಡಬಹುದು

ಈ ಸಾಧನಗಳಲ್ಲಿ ಮಂತ್ರ ಏನೂ ಇಲ್ಲ. ಸ್ನಾನದ ಸ್ಟೂಲ್ ಅಂದರೆ ಎತ್ತರ ಮಾಡಿದ ಮಣೆ. ಹಿಡಿಕಂಬಿ ಅಂದರೆ ಗೋಡೆಗೆ ಹೊಡೆದ ಕೈ.

ಸ್ಟೂಲ್ 16ರಿಂದ 18 ಇಂಚು ಎತ್ತರ ಇದ್ದರೆ ಮಂಡಿನೋವಿನವರೂ ಏಳಬಹುದು. ಕಾಲಿನ ತುದಿಗೆ ರಬ್ಬರ್ ಇರಬೇಕು, ಕೂರುವ ಹಲಗೆಯಲ್ಲಿ ನೀರು ಸೋರಲು ತೂತಿರಬೇಕು. ಸೊಂಟದಲ್ಲಿ ಬಲ ಇಲ್ಲದವರಿಗೆ ಬೆನ್ನೊರಗು, ಕೈಯೊರಗು ಇರುವ ಕುರ್ಚಿ ವಾಸಿ. ಬಹಳ ಮನೆಗಳಲ್ಲಿ ಹಾಲಿನಲ್ಲಿ ಹಾಕುವ ಪ್ಲಾಸ್ಟಿಕ್ ಕುರ್ಚಿಯನ್ನೇ ಬಚ್ಚಲಿಗೂ ಇಡುತ್ತಾರೆ. ಏನೂ ಇಲ್ಲದ್ದಕ್ಕಿಂತ ಪರವಾಗಿಲ್ಲ. ಆದರೆ ಸೋಪು ನೀರಿನಲ್ಲಿ ಅದರ ಕಾಲುಗಳು ಅಗಲಕ್ಕೆ ಜಾರುತ್ತವೆ. ಹಳೆಯದಾದರೆ ಮುರಿಯುತ್ತದೆ. ಸ್ನಾನಕ್ಕೆ ಅಂತಲೇ ಮಾಡಿದ ಸ್ಟೂಲ್ ಸಾವಿರ ರೂಪಾಯಿಯ ಆಸುಪಾಸಿನಿಂದ ಸಿಗುತ್ತದೆ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಹಿರಿಯರು ತಮ್ಮ ದುಡ್ಡಲ್ಲೇ ತರಲಿ ಅಂತ ನಾವು ಹೇಳುತ್ತಿಲ್ಲ. ಟೈಲ್ಸಿಗೆ ಅಷ್ಟು ಸುರಿದ ನಾವು ಇಷ್ಟು ಹಾಕಬಹುದು.

ಕಂಬಿಯನ್ನು ನೆಲದಿಂದ ಎರಡೂಮುಕ್ಕಾಲು ಅಡಿಯ ಎತ್ತರದಲ್ಲಿ, ಕೂತಲ್ಲಿಂದ ಏಳುವಾಗ ಕೈ ಸಹಜವಾಗಿ ಹೋಗುವ ಕಡೆ ಹಾಕಬೇಕು. ಮೇಸ್ತ್ರಿಗೆ ಹೇಳುವ ಮುಂಚೆ ಹಿರಿಯರನ್ನೇ ಸ್ಟೂಲ್ ಮೇಲೆ ಕೂರಿಸಿ, ಏಳಿಸಿ, ಕೈ ಎಲ್ಲಿಗೆ ಹೋಗುತ್ತದೆ ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಟವೆಲ್ ನೇತುಹಾಕುವ ಸರಳು, ನಲ್ಲಿ, ಬಕೆಟ್ಟಿನ ಅಂಚು ಇವು ಯಾವುದೂ ಮನುಷ್ಯರ ಭಾರ ತಡೆಯುವುದಿಲ್ಲ. ಹೀರಿ ಅಂಟಿಕೊಳ್ಳುವ ಬಿರಟೆಯ ಕಂಬಿಯನ್ನು ನಂಬಬೇಡಿ, ಯಾವಾಗ ಬಿಡುತ್ತದೋ ಗೊತ್ತಾಗುವುದಿಲ್ಲ. ಮಣ್ಣಿನ ಗೋಡೆಯಾದರೆ ಬೋಲ್ಟ್ ನಿಲ್ಲುವುದಿಲ್ಲ. ಅಂಥ ಕಡೆ ದಪ್ಪ ಜಿಐ ಪೈಪನ್ನು ನೆಲದೊಳಗೆ ಒಂದೂವರೆ ಅಡಿ ಹೂತು ಕಾಂಕ್ರೀಟ್ ಹಾಕಿ ಕಂಬ ನಿಲ್ಲಿಸಬಹುದು. ಕೊಟ್ಟಿಗೆಯಲ್ಲಿ ಗೂಟ ನಿಲ್ಲಿಸುವವರಿಗೆ ಇದೇನು ಕಷ್ಟ?

ದುಡ್ಡೇ ಬೇಡದ ಕೆಲಸಗಳೂ ಇವೆ. ಒಳಗಿನ ಅಗುಳಿ ಹಾಕದೆ ಬಾಗಿಲು ಮುಂದಕ್ಕೆ ಎಳೆದುಕೊಂಡು, ಹೊರಗಿರುವವರಿಗೆ ಒಂದು ಮಾತು ಹೇಳಿ ಹೋಗುವುದು. ಬಾಗಿಲು ಹೊರಕ್ಕೆ ತೆರೆಯುವಂತೆ ತಿರುಗಿಸುವುದು, ಯಾಕೆಂದರೆ ಒಳಕ್ಕೆ ತೆರೆಯುವ ಬಾಗಿಲಿಗೆ ಬಿದ್ದವರ ಮೈ ಅಡ್ಡ ಆಗುತ್ತದೆ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಕಾಯಿಲ್ ಸ್ವಿಚ್ ತೆಗೆದು, ಪ್ಲಗ್ ಕಿತ್ತ ಮೇಲೇ ನೀರು ಮುಟ್ಟುವುದು. ಬಿಸಿನೀರು ಹುಯ್ದುಕೊಂಡ ಮೇಲೆ ದಡಕ್ಕನೆ ಏಳದೆ ಒಂದು ನಿಮಿಷ ಕೂತಿರುವುದು, ಏಕೆಂದರೆ ಬಿಪಿ ಇಳಿದು ತಲೆ ಸುತ್ತುತ್ತದೆ. ಬಟ್ಟೆ, ಸೋಪು ಕೂತಲ್ಲಿಗೇ ಎಟುಕಬೇಕು. ವಾರಕ್ಕೊಮ್ಮೆ ನೆಲದ ಪಾಚಿ, ಸೋಪಿನ ಜಿಡ್ಡು ಉಜ್ಜಬೇಕು. ಹೊಸ ಮನೆ ಕಟ್ಟುವವರು ನೆಲಕ್ಕೆ ಒರಟು ಟೈಲ್ಸು, ಅಂಗಡಿಯವರು ಆಂಟಿ ಸ್ಕಿಡ್ ಅನ್ನುತ್ತಾರಲ್ಲ, ಅದನ್ನು ಕೇಳಿ. ನಮ್ಮ ಕಡೆ ಸಿಗುವ ಚಪ್ಪಡಿ ಇನ್ನೂ ವಾಸಿ.

ವಯೋಶ್ರೀ ಶಿಬಿರ ಯಾವಾಗ ಅಂತ ಜಿಲ್ಲೆಯ ಅಂಗವಿಕಲರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ ಕೇಳಬಹುದು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ದಾರಿ ತೋರಿಸುತ್ತಾರೆ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲ.

ಮಾನದ ಮಾತು

ನಮ್ಮ ಬಳಗದಲ್ಲಿ ಇದರ ಬಗ್ಗೆ ಒಂದು ಚರ್ಚೆ ಆಯಿತು. 'ಹಿಂದೆ ಮಕ್ಕಳೇ ನೀರು ಹುಯ್ಯುತ್ತಿದ್ದರು, ಈಗ ಕಂಬಿ ಹಾಕಿ ಕೈ ತೊಳೆದುಕೊಳ್ಳುವುದೇ?' ಅಂತ ಒಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಕಂಬಿ ಇದೆ ಅಂತ ಹಿರಿಯರನ್ನು ಒಂಟಿ ಬಿಟ್ಟು ಹೋಗುವುದು ತಪ್ಪು. ಎಣ್ಣೆಸ್ನಾನದ ದಿನ, ಹುಷಾರಿಲ್ಲದ ದಿನ, ಮರೆವಿನ ಕಾಯಿಲೆ ಇದ್ದವರಿಗೆ ಪ್ರತಿದಿನ, ಕೈ ಬೇಕೇ ಬೇಕು. ಆ ಕೈ ಸೊಸೆಯದ್ದೇ ಆಗಬೇಕೆಂದೇನೂ ಇಲ್ಲ. ಮಗನಿಗೂ ಎರಡು ಕೈ ಇವೆ.

ಆದರೆ ಹಳೇ ಬಚ್ಚಲು ಕೊಡದೇ ಇದ್ದ ಒಂದನ್ನು ಈ ಸ್ಟೂಲು, ಕಂಬಿ ಕೊಡುತ್ತವೆ. ಆಗ ಬೀಳದೆ ಇರಬೇಕಾದರೆ ಇನ್ನೊಬ್ಬರ ಮುಂದೆ ಮೈ ಬಿಡಬೇಕಿತ್ತು. ಹೊಸ ಬಚ್ಚಲಲ್ಲಿ ಮರೆ ಸಿಕ್ಕಿತು, ಆಸರೆ ತಪ್ಪಿತು. ಕೂರಲು ಒಂದು ಎತ್ತರದ ಜಾಗ, ಹಿಡಿಯಲು ಒಂದು ಕಂಬಿ ಇದ್ದರೆ ಮರೆಯೂ ಆಸರೆಯೂ ಒಟ್ಟಿಗೆ ಸಿಗುತ್ತವೆ. ನಾಚಿಕೆಗೆ ಮೀಯುವುದನ್ನೇ ಬಿಟ್ಟ ತಾತಂದಿರಿಗೆ ಇದು ಸಣ್ಣ ವಿಷಯ ಅಲ್ಲ.

ಮೊದಲು ಹೇಳಿದ ಅಜ್ಜಿಯ ವಿಷಯಕ್ಕೆ ಬರೋಣ. ಮೊಮ್ಮಗ ಸ್ಟೂಲ್ ತಂದಾಗ ಅಜ್ಜಿ ಒಪ್ಪಲಿಲ್ಲ. 'ಅದು ಕಾಯ್ಲೆಯೋರಿಗೆ ಕಣ್ಲಾ, ನಂಗೇನಾಗದೆ' ಅಂದರು. ಎರಡು ದಿನ ಅದು ಜಗುಲಿ ಮೇಲೇ ಇತ್ತು. ಮೂರನೇ ದಿನ ಸೊಸೆ, 'ಅತ್ತೆ, ಇದು ನಿಮ್ಮ ಹಳೇ ಮಣೆನೇ ಕನತ್ತೆ, ಒಸಿ ಎತ್ತರ ಮಾಡವ್ರೆ ಅಷ್ಟೆಯ' ಅಂದರು. ಅಜ್ಜಿ ಸ್ಟೂಲನ್ನು ತಿರುಗಿಸಿ ಮುರುಗಿಸಿ ನೋಡಿ, ಕೂತು ನೋಡಿ, 'ಮರದ್ದಾಗಿದ್ರೆ ಇನ್ನೂ ಪಸಂದಾಗಿರದು' ಅಂತ ಹೇಳಿ ಒಳಗೆ ತೆಗೆದುಕೊಂಡು ಹೋದರು. ಅವತ್ತು ಬಚ್ಚಲಿಂದ ಅರ್ಧ ಗಂಟೆ ನೀರಿನ ಸದ್ದು ಬರುತ್ತಿತ್ತು. ಈಚೆಗೆ ಬಂದಾಗ ತಲೆಗೂದಲು ಒದ್ದೆಯಾಗಿತ್ತು.

ಈ ಸಲ ನೀರು ತುಂಬುವ ಹಬ್ಬಕ್ಕೆ ಹಂಡೆ ಇಲ್ಲದಿದ್ದರೂ ನೀವು ಬಕೆಟ್ಟಿಗೋ ಗೀಸರಿಗೋ ಪೂಜೆ ಮಾಡುತ್ತೀರಿ. ಅವತ್ತು ಒಂದು ಗಳಿಗೆ ಬಚ್ಚಲೊಳಗೆ ನಿಂತು ನೋಡಿ. ನಿಮ್ಮ ಅವ್ವ ಅಪ್ಪ ಎಲ್ಲಿ ಕೂರುತ್ತಾರೆ, ಏಳುವಾಗ ಏನನ್ನು ಹಿಡಿಯುತ್ತಾರೆ? ಉತ್ತರ 'ಏನೂ ಇಲ್ಲ' ಅಂತ ಆದರೆ, ಮೇಸ್ತ್ರಿಗೆ ಅವತ್ತೇ ಫೋನ್ ಮಾಡಿ.